ಕುದುರೆ ಕಾಲು ಮುಟ್ಟಲು ಬಿಡ್ತಿಲ್ಲ: ಮೂತಿಗೆ ಹಗ್ಗವೋ, ಸೀಟಿ ಗಜ್ಜರಿಯೋ?

ಹುಮನಾಬಾದ್_ಹೊಲ:
ನಾಂದೇಡ್ ಕಡೆಯ ಮಾಳೇಗಾಂವ್ ಜಾತ್ರೆಯಿಂದ ನಾಲ್ಕು ವರ್ಷದ ಹೆಣ್ಣು ಕುದುರೆ ತಂದಿದ್ದೇವೆ. ಸ್ವಭಾವ ಒಳ್ಳೆಯದು. ಆದರೆ ಗೊರಸು ಕತ್ತರಿಸಿ ಲಾಳ ಹೊಡೆಯುವ ನಾಲಬಂದ್ ಬಂದರೆ ಹಿಂದಿನ ಕಾಲು ಹಾರಿಸುತ್ತಾಳೆ. ಗೊರಸು ಬೆಳೆದು ಅಂಚು ಒಡೆಯುತ್ತಿದೆ. ಮೇಲ್ದುಟಿಗೆ ಹಗ್ಗದ ಕುಣಿಕೆ ಹಾಕಿ, ಕೋಲಿನಿಂದ ತಿರುವಿ ಹಿಡಿಯಿರಿ, ಹತ್ತು ನಿಮಿಷದಲ್ಲಿ ಮುಗಿಸುತ್ತೇನೆ ಅಂತಾನೆ ಆತ. ನನ್ನ ತಂಗಿ ಮಾತ್ರ ಸೀಟಿ ಊದಿ, ಗಜ್ಜರಿ ಕೊಟ್ಟು ಕಲಿಸೋಣ ಅಂತಾಳೆ. ಯಾರಾದರೂ ಹಾಗೆ ಕಲಿಸಿದ್ದೀರಾ? ಜಗಳ ಬೇಡ, ಅನುಭವ ಹೇಳಿ.

ಟಾಂಗಾ_ಮೊಮ್ಮಗ:
ನಮ್ಮ ಅಜ್ಜ ಕಲಬುರಗಿ ಸ್ಟೇಷನ್ನಿನಿಂದ ದರ್ಗಾದವರೆಗೆ ಟಾಂಗಾ ಹೊಡೆದವರು. ಯಜಮಾನ ಯಾರು ಅಂತ ಕುದುರೆಗೆ ಮೊದಲ ದಿನವೇ ಗೊತ್ತಾಗಬೇಕು. ಕೈಯಿಂದ ತಿನಿಸು ಕೊಟ್ಟರೆ ಕಚ್ಚುವ ಚಟ ಬೀಳುತ್ತದೆ. ಇನ್ನು ಹಗ್ಗದಿಂದ ನೋವಾಗುತ್ತದೆ ಅನ್ನೋದು ಸುಮ್ನೆ ಮಾತು. 1984ರಲ್ಲೇ ನೆದರ್ಲೆಂಡ್ಸ್‌ನವರು ಪರೀಕ್ಷೆ ಮಾಡಿದ್ದಾರೆ. ತುಟಿಗೆ ಹಗ್ಗ ಬಿಗಿದಾಗ ಕುದುರೆಯ ರಕ್ತದಲ್ಲಿ ಎಂಡಾರ್ಫಿನ್ ಏರುತ್ತದೆ. ಅದಕ್ಕೆ ಹಾಯ್ ಅನಿಸುತ್ತದೆ, ಅದಕ್ಕೇ ಸುಮ್ಮನೆ ನಿಲ್ಲುತ್ತದೆ.

ಕ್ಲಿಕ್_ಕಲಬುರಗಿ:
"ಹಾಯ್ ಅನಿಸುತ್ತದೆ"! ಎಂಡಾರ್ಫಿನ್ ಅಂದರೆ ಮೈ ತಾನೇ ಮಾಡಿಕೊಳ್ಳುವ ನೋವಿನ ಔಷಧಿ. ನೋವೇ ಇಲ್ಲದಿದ್ದರೆ ಅದು ಯಾಕೆ ಏರಬೇಕು? 1984ಕ್ಕೇ ನಿಲ್ಲಬೇಡಿ, 2017ರ ಅಧ್ಯಯನವನ್ನೂ ಹೇಳಿ. ತುಟಿಗೆ ಹಗ್ಗ ಹಾಕಿದಾಗ ಮೊದಲ ಐದು ನಿಮಿಷ ಎದೆಬಡಿತ ಇಳಿಯಿತು. ಆಮೇಲೆ ಏರಿತು. ಕಿವಿ ತಿರುವಿದರೆ ಏರಿದ್ದೇ ಏರಿದ್ದು.

ಅಕ್ಕಾ, ನಿಮ್ಮ ತಂಗಿ ಹೇಳಿದ್ದು ಸರಿ. ಆದರೆ ಗಜ್ಜರಿ ತೋರಿಸಿ ಕಾಲು ಹಿಡಿಯೋದಲ್ಲ ಅದು, ಅದು ಲಂಚ. ಮೊದಲು ಬೇಲಿಯ ಆಚೆ ನಿಲ್ಲಿ. ಅವಳು ನಿಮ್ಮ ಕೈಚೀಲಕ್ಕೆ ಮೂತಿ ಹಾಕುತ್ತಾಳೆ, ಹಾಕಲಿ. ಮುಖ ಆ ಕಡೆ ತಿರುಗಿಸಿದ ಕ್ಷಣ ಸೀಟಿ ಊದಿ, ಆಮೇಲೆ ತುಂಡು ಕೊಡಿ. ಕೇಳದೆ ನಿಂತರೆ ಮಾತ್ರ ಸಿಗುತ್ತದೆ ಅಂತ ಅವಳಿಗೆ ಗೊತ್ತಾಗಬೇಕು. ಟಾಂಗಾ ಅವರು ಹೇಳುವ ಕಚ್ಚುವ ಚಟ ಬೀಳೋದು ಈ ಮೊದಲ ಪಾಠ ಬಿಟ್ಟವರ ಕುದುರೆಗೆ. ಆಮೇಲೆ ಭುಜ ಮುಟ್ಟಿ, ಸೀಟಿ, ತುಂಡು. ಮೊಣಕಾಲು ಮುಟ್ಟಿ, ಸೀಟಿ, ತುಂಡು. ಅವಳು ಭಾರವನ್ನು ಆಚೆ ಕಾಲಿಗೆ ಹಾಕಿದರೂ ಸೀಟಿ. ಗೊರಸು ನೆಲ ಬಿಟ್ಟ ಕೂಡಲೇ ಊದಿ, ಅವಳು ಕಿತ್ತುಕೊಳ್ಳುವ ಮೊದಲೇ ನೀವೇ ಕೆಳಗಿಡಿ. ಹಿಂದಿನ ಕಾಲಿಗೆ ಮೊದಲು ಕೈ ಹಾಕಬೇಡಿ. ಉದ್ದನೆ ಕೋಲಿನ ತುದಿಗೆ ಬಟ್ಟೆ ಸುತ್ತಿ ಅದರಿಂದ ಮುಟ್ಟಿ. ಎರಡು ಮೂರು ನಿಮಿಷಕ್ಕೆ ನಿಲ್ಲಿಸಿ, ಅವಳಿಗೆ ಇನ್ನೂ ಬೇಕು ಅನಿಸುವಾಗಲೇ.

ಟಾಂಗಾ_ಮೊಮ್ಮಗ:
"ಮೊದಲ ಐದು ನಿಮಿಷ ಇಳಿಯಿತು." ನೀವೇ ಬರೆದದ್ದು. ನಮ್ಮ ನಾಲಬಂದ್‌ಗೆ ಒಂದು ಕಾಲಿಗೆ ಐದು ನಿಮಿಷ ಜಾಸ್ತಿಯಾಯಿತು. ಲೆಕ್ಕ ಮುಗಿಯಿತಲ್ವಾ?

ಪಶುವೈದ್ಯ_ಬೀದರ್:
ಇಬ್ಬರೂ ಸ್ವಲ್ಪ ತಡೆಯಿರಿ. ಹಗ್ಗವನ್ನು ನಾವೂ ಬಳಸುತ್ತೇವೆ. ಗಾಯ ಹೊಲಿಯುವಾಗ, ಬೇರೆ ದಾರಿ ಇಲ್ಲದಾಗ, ಸ್ವಲ್ಪ ಹೊತ್ತು. ಅದು ತಡೆಯುವ ಸಾಧನ, ಕಲಿಸುವ ಸಾಧನ ಅಲ್ಲ. ಪ್ರತಿ ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಪ್ರತಿ ಸಲ ಹಗ್ಗ ಹಾಕುತ್ತೀರಾ? ಆದರೆ ಅದಕ್ಕಿಂತ ಮುಂಚಿನ ಪ್ರಶ್ನೆ ಬೇರೆ ಇದೆ. ಮುಂದಿನ ಕಾಲು ಕೊಡುವ ಕುದುರೆ ಹಿಂದಿನದನ್ನು ಮಾತ್ರ ಕೊಡದಿದ್ದರೆ ಮೊದಲು ನೋವು ಹುಡುಕಬೇಕು. ಒಂದು ಹಿಂಗಾಲು ಎತ್ತಿದರೆ ಭಾರವೆಲ್ಲ ಇನ್ನೊಂದರ ಮೇಲೆ. ಆ ಕಾಲು ಸೋತಿದ್ದರೆ ಅದು ಒದ್ದೇ ಒದೆಯುತ್ತದೆ. ಮುಂದಿನ ಕಾಲು ಕೊಡುತ್ತಾಳಾ? ಮೇವು ಏನು ಹಾಕುತ್ತಿದ್ದೀರಿ?

ಟಾಂಗಾ_ಮೊಮ್ಮಗ:
"ಹಗ್ಗವನ್ನು ನಾವೂ ಬಳಸುತ್ತೇವೆ." ಡಾಕ್ಟರೇ ಹೇಳಿದ ಮೇಲೆ ಇನ್ನೇನಿದೆ?

ಆಳಂದ_ಓದುಗ:
ಕುದುರೆ ಸಾಕುವುದನ್ನು ಹೊರಗಿನವರಿಂದ ಕಲಿಯುವ ಸ್ಥಿತಿ ನಮ್ಮ ಭಾಗಕ್ಕೆ ಬಂತಲ್ಲ ಅನ್ನೋದೇ ಬೇಸರ. 15ನೇ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಗಂಡು ಕುದುರೆ ತಂದು ಬೀದರಿನಲ್ಲಿ ಮಾರಿದ. ಮಹಮೂದ್ ಗವಾನ್ ಬಹಮನಿ ಸುಲ್ತಾನರ ವಜೀರನಾಗಿದ್ದ ಕಾಲ. ಗವಾನ್ ಕೂಡ ಮೊದಲು ಬಂದದ್ದು ವ್ಯಾಪಾರಿಯಾಗಿಯೇ. ಇಲ್ಲಿ ಕುದುರೆಗೆ ಕಡಲೆ ಹಾಕುತ್ತಾರೆ, ಸಕ್ಕರೆ ಎಣ್ಣೆ ಹಾಕಿ ಕಿಚಡಿ ಬೇಯಿಸಿ ತಿನ್ನಿಸುತ್ತಾರೆ ಅಂತ ನಿಕಿತಿನ್ ಬರೆದಿದ್ದಾನೆ. ನಮ್ಮ ಆಳಂದದ ಜಾತ್ರೆಗೆ 20,000 ಕುದುರೆ ಮಾರಲು ಬರುತ್ತಿದ್ದವು ಅಂತಲೂ ಬರೆದಿದ್ದಾನೆ. ಕುದುರೆಗೆ ಸಕ್ಕರೆ ಕಿಚಡಿ ಬಡಿಸಿದ ಜನಕ್ಕೆ ಪ್ರೀತಿಯಿಂದ ಕಲಿಸುವುದನ್ನು ಸೀಟಿಯವರು ಹೇಳಿಕೊಡಬೇಕಾ?

ಕ್ಲಿಕ್_ಕಲಬುರಗಿ:
"20,000 ಕುದುರೆ." ಸರಿ, ಅವೆಲ್ಲ ಎಲ್ಲಿಂದ ಬಂದವು? ಅದೇ ನಿಕಿತಿನ್, ಈ ನಾಡಿನಲ್ಲಿ ಕುದುರೆ ಹುಟ್ಟುವುದಿಲ್ಲ, ಎತ್ತು ಎಮ್ಮೆ ಹುಟ್ಟುತ್ತವೆ ಅಂತಲೂ ಬರೆದಿದ್ದಾನೆ. ಅದನ್ನು ಯಾಕೆ ಬಿಟ್ಟಿರಿ? ಪ್ರತಿ ವರ್ಷ ಹಡಗಿನಲ್ಲಿ ತರಿಸಬೇಕಾಗಿತ್ತು ಅಂದರೆ ಇದ್ದವು ಏನಾಗುತ್ತಿದ್ದವು? ಮಾರ್ಕೋ ಪೋಲೋ ನೇರವಾಗಿಯೇ ಹೇಳಿದ್ದಾನೆ, ಆರೈಕೆ ಗೊತ್ತಿಲ್ಲದೆ ಸಾಯಿಸುತ್ತಿದ್ದರು ಅಂತ.

ಆಳಂದ_ಓದುಗ:
ಮಾರ್ಕೋ ಪೋಲೋ ಹೇಳಿದ್ದು ಪಾಂಡ್ಯರ ನಾಡಿನ ಬಗ್ಗೆ, ಸ್ವಾಮಿ. 13ನೇ ಶತಮಾನ, ತಮಿಳು ಕರಾವಳಿ. ಬೀದರಿಗೂ ಅದಕ್ಕೂ ಏನು ಸಂಬಂಧ? ಅಲ್ಲಿ ಸತ್ತ ಕುದುರೆಯ ಪಾಪ ಬಹಮನಿಗಳ ತಲೆಗೆ ಕಟ್ಟುತ್ತೀರಾ? ಇನ್ನು ಕುದುರೆ ಹುಟ್ಟುವುದಿಲ್ಲ ಅನ್ನೋದು ಪರದೇಶಿಯ ಅವಸರದ ಮಾತು. ಭೀಮಥಡಿ ತಳಿ ಯಾವ ನದಿಯ ಹೆಸರು?

ಕ್ಲಿಕ್_ಕಲಬುರಗಿ:
ಕಿಚಡಿ ಹೇಳಿದಾಗ ಅವನು ಸಾಕ್ಷಿ, ಹುಟ್ಟುವುದಿಲ್ಲ ಅಂದಾಗ ಅವಸರದ ಪರದೇಶಿ. ಚೆನ್ನಾಗಿದೆ. ಭೀಮಥಡಿ ಕುದುರೆ ಪುಣೆ ಸೊಲ್ಲಾಪುರ ಕಡೆಯದು.

ಆಳಂದ_ಓದುಗ:
ಭೀಮೆ ಅಫಜಲಪುರಕ್ಕೆ ಬರುವುದಿಲ್ಲವಾ? ನದಿಗೆ ರಾಜ್ಯದ ಗಡಿ ಯಾವಾಗ ಗೊತ್ತಾಯಿತು?

ಮದುವೆ_ಬ್ಯಾಂಡ್_ಶಹಾಪುರ:
ನಂದೂ ಒಂದು ಮಾತು. ಒಂದು ಕುದುರೆ ದಿನಕ್ಕೆ ಕಡಿಮೆ ಅಂದರೂ 30 ಲೀಟರ್ ನೀರು ಕುಡಿಯುತ್ತದೆ. ನಾನು ಎರಡು ಸಾಕಿದ್ದೇನೆ, ಕೊಡ ಹೊತ್ತವನಿಗೆ ಗೊತ್ತು. 20,000 ಅಂದರೆ ದಿನಕ್ಕೆ ಆರು ಲಕ್ಷ ಲೀಟರ್. ಆಳಂದದಲ್ಲಿ ಎಲ್ಲಿಂದ ತಂದರು? ಟ್ಯಾಂಕರ್ ಇತ್ತಾ?

ಆಳಂದ_ಓದುಗ:
ಅಮರ್ಜಾ ನದಿ ಕೇಳಿದ್ದೀರಾ? ಜಾತ್ರೆ ಆಗುತ್ತಿದ್ದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಹೊಳೆ ಹಳ್ಳ ಕೆರೆ ಎಲ್ಲ ತುಂಬಿರುತ್ತವೆ. ಈಗಿನ ಬೇಸಿಗೆ ನೋಡಿ ಆಗಿನ ಊರನ್ನು ಅಳೆಯಬೇಡಿ.

ಮದುವೆ_ಬ್ಯಾಂಡ್_ಶಹಾಪುರ:
ಅಮರ್ಜಾ ಕುಡಿಯುವ ನೀರಿನ ಜೊತೆ ಕುದುರೆ ಲದ್ದಿಯ ಲೆಕ್ಕವನ್ನೂ ಕೊಡಿ ಹಾಗಾದರೆ. ಇರಲಿ. ಈ ಪ್ರೀತಿಯಿಂದ ಕಲಿಸುವ ವಿಷಯಕ್ಕೆ ಬರುತ್ತೇನೆ. ನನ್ನ ಕುದುರೆಗಳು ಮದುವೆ ಮೆರವಣಿಗೆಯಲ್ಲಿ ಹಲಗೆ ಸದ್ದಿಗೆ ಕುಣಿಯುತ್ತವೆ. ಕುಣಿದ ಮೇಲೆ ಬೆಲ್ಲ ಕೊಡುತ್ತೇನೆ. ಇದೂ ಅದೇ ಅಲ್ವಾ? ಹೆಸರು ಮಾತ್ರ ಹೊಸದು.

ಕ್ಲಿಕ್_ಕಲಬುರಗಿ:
ಕುಣಿದ ಮೇಲೆ ಬೆಲ್ಲ, ಸರಿ. ಕುಣಿಯುವಾಗ ಬಾಯಲ್ಲಿ ಏನಿರುತ್ತದೆ? ಮುಳ್ಳಿನ ಕಡಿವಾಣ ಇದೆಯಾ ಇಲ್ಲವಾ, ಅಷ್ಟು ಹೇಳಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಬಂದ 1965ರ ನಿಯಮಗಳಲ್ಲೇ ಅದಕ್ಕೆ ನಿಷೇಧ ಇದೆ. ಅದೇ ನಿಯಮದಲ್ಲಿ, 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಇಂಥ ಪ್ರಾಣಿಗಳಿಂದ ಗಾಡಿ ಎಳೆಸುವುದು, ಹೊರೆ ಹೊರಿಸುವುದು ಕೂಡದು ಅಂತ ಇದೆ. ಮೇ ತಿಂಗಳ ಶಹಾಪುರದಲ್ಲಿ 37 ದಾಟದ ದಿನ ಯಾವುದು? ನಿಮ್ಮ ಮುಹೂರ್ತ ಎಷ್ಟು ಗಂಟೆಗೆ?

ಮದುವೆ_ಬ್ಯಾಂಡ್_ಶಹಾಪುರ:
ಮುಹೂರ್ತ ಭಟ್ಟರನ್ನು ಕೇಳಿ. ಮತ್ತೆ ಆ ಕಾಯ್ದೆಯ ದಂಡ ಎಷ್ಟು ಗೊತ್ತಾ? ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಅಷ್ಟೇ. ಸರ್ಕಾರವೇ 1960ರಿಂದ ಅದನ್ನು ದೊಡ್ಡದು ಮಾಡಿಲ್ಲ, ನೀವು ಮಾಡುತ್ತಿದ್ದೀರಿ.

ಕ್ಲಿಕ್_ಕಲಬುರಗಿ:
ಮುಳ್ಳಿದೆ ಅಂತ ಅರ್ಥ ಮಾಡಿಕೊಳ್ಳಲಾ?

ಮದುವೆ_ಬ್ಯಾಂಡ್_ಶಹಾಪುರ:
ನೀವು ಏನು ಬೇಕಾದರೂ ಮಾಡಿಕೊಳ್ಳಿ. ನೂರಾರು ಜನ, ಪಟಾಕಿ, ಡಿಜೆ, ಮೇಲೆ ಮದುಮಗ. ಅಲ್ಲಿ ಕುದುರೆ ಬೆದರಿದರೆ ನಿಮ್ಮ ಸೀಟಿ ಯಾರಿಗೆ ಕೇಳಿಸುತ್ತದೆ? ಮನೆಯಲ್ಲಿ ಕೂತು ಗಜ್ಜರಿ ಹೆಚ್ಚುವವರಿಗೆ ನಮ್ಮ ಹೊಟ್ಟೆಪಾಡು ಆಟ ಅನಿಸುತ್ತದೆ.

ಸುಮ್ನೆ_ನೋಡುವವಳು:
ಡಿಜೆ ಪಟಾಕಿ ನಡುವೆ ಕುದುರೆ ಇರಲೇಬೇಕು ಅಂದವರು ಯಾರು? ಹಳೇ ಪದ್ಧತಿ ಅಂತ ಹೇಳಬೇಡಿ. ಯಾದಗಿರಿ ಕಡೆಯ ಮೈಲಾಪುರ ಜಾತ್ರೆಯಲ್ಲಿ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವುದೂ ಹಳೇ ಪದ್ಧತಿಯೇ. ಅದನ್ನೂ ನಿಷೇಧಿಸಿದರು. ಜಾತ್ರೆ ನಿಂತಿಲ್ಲ.

ಟಾಂಗಾ_ಮೊಮ್ಮಗ:
ಜಾತ್ರೆಯನ್ನು ಇದಕ್ಕೆ ಎಳೆಯಬೇಡಿ. ಅಲ್ಲಿಯ ದೇವರು ಮೈಲಾರಲಿಂಗನ ವಾಹನವೇ ಕುದುರೆ. ಅವನ ಭಕ್ತರಿಗೆ ಕುದುರೆ ಪ್ರೀತಿ ಕಲಿಸಲು ಬಂದಿರಾ?

ಸುಮ್ನೆ_ನೋಡುವವಳು:
ಕುರಿಮರಿ ಬಗ್ಗೆ ಹೇಳಿದೆ. ನೀವು ವಾಹನಕ್ಕೆ ಹೋದಿರಿ.

ಪಶುವೈದ್ಯ_ಬೀದರ್:
ಕಿಚಡಿ ಬೆಲ್ಲದ ಬಗ್ಗೆ ಒಂದು ವಿಷಯ ಹೇಳಲೇಬೇಕು. ಯಾರಾದರೂ ಓದಿ ಮಾಡಿಬಿಟ್ಟಾರು. ಕುದುರೆಯ ಜಠರ ಆ ದೊಡ್ಡ ಮೈಗೆ ಬಹಳ ಸಣ್ಣದು, 8ರಿಂದ 15 ಲೀಟರ್ ಅಷ್ಟೇ. ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ತಿನ್ನಲಿ ಬಿಡಲಿ, ಆಮ್ಲ ಸುರಿಯುತ್ತಲೇ ಇರುತ್ತದೆ. ಹಾಗಾಗಿ ಅದು ದಿನವಿಡೀ ನಾರಿನ ಮೇವು ಸ್ವಲ್ಪ ಸ್ವಲ್ಪ ತಿನ್ನುತ್ತಿರಬೇಕು. ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣಮೇವು ಬೇಕು. 350 ಕಿಲೋ ಕುದುರೆಗೆ ಐದರಿಂದ ಏಳು ಕಿಲೋ. ಕಾಳು, ಸಕ್ಕರೆ ಜಾಸ್ತಿಯಾದರೆ ಹೊಟ್ಟೆಶೂಲೆ, ಗೊರಸಿನೊಳಗೆ ಉರಿಯೂತ. ಪಾಠಕ್ಕೆ ಕೊಡುವ ತುಂಡೂ ಬೆರಳಿನಷ್ಟಿದ್ದರೆ ಸಾಕು. ಗಜ್ಜರಿಯನ್ನು ಉದ್ದಕ್ಕೆ ಸೀಳಿ, ದುಂಡಗೆ ಕತ್ತರಿಸಿದರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಒಣಹುಲ್ಲಿನ ಹಿಡಿಯೂ ಆಗುತ್ತದೆ.

ಆಳಂದ_ಓದುಗ:
ಅಂದರೆ ಬಹಮನಿ ಸೈನ್ಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ ಸಾಯಿಸ್‌ಗಳು ದಡ್ಡರು, ಬೀದರಿನ ನಂದಿನಗರದ ಪಶುವೈದ್ಯ ಕಾಲೇಜಿನಲ್ಲಿ ಓದಿದವರು ಜಾಣರು. ಆಯಿತು.

ಪಶುವೈದ್ಯ_ಬೀದರ್:
ಹಾಗೆ ಹೇಳಿಲ್ಲ. ಯುದ್ಧದ ಕುದುರೆ ದಿನವಿಡೀ ಓಡುತ್ತಿತ್ತು, ಅದಕ್ಕೆ ಕಾಳು ಬೇಕು. ಕೊಟ್ಟಿಗೆಯಲ್ಲಿ ನಿಂತ ಕುದುರೆಗೆ ಬೇಡ.

ಆಳಂದ_ಓದುಗ:
"ಅದಕ್ಕೆ ಕಾಳು ಬೇಕು." ಧನ್ಯವಾದ.

ಟಾಂಗಾ_ಮೊಮ್ಮಗ:
ಸೀಟಿಯವರು ಒಂದಕ್ಕೆ ಉತ್ತರ ಕೊಡಲಿ. ಕುದುರೆ ಸವಾರಿಯಲ್ಲಿ ಒಲಿಂಪಿಕ್ಸ್ ಗೆಲ್ಲುವವರು ಲಗಾಮು ಎಳೆಯುತ್ತಾರೆ, ಕಾಲಿನಿಂದ ಒತ್ತುತ್ತಾರೆ. ಗಜ್ಜರಿ ಕೊಟ್ಟು ಯಾರು ಪದಕ ತಂದಿದ್ದಾರೆ?

ಕ್ಲಿಕ್_ಕಲಬುರಗಿ:
ಒಲಿಂಪಿಕ್ಸ್ ನೀವೇ ತೆಗೆದಿರಿ, ಒಳ್ಳೆಯದಾಯಿತು. 2021ರಲ್ಲಿ ಟೋಕಿಯೋದಲ್ಲಿ ಮಾಡರ್ನ್ ಪೆಂಟಾಥ್ಲಾನ್ ನೋಡಿದಿರಾ? ಐದು ಆಟ ಸೇರಿದ ಸ್ಪರ್ಧೆ, ಆಗ ಕುದುರೆ ಸವಾರಿಯೂ ಅದರಲ್ಲಿ ಒಂದು. ಕುದುರೆ ಮುಂದೆ ಹೋಗಲಿಲ್ಲ ಅಂತ ಜರ್ಮನಿಯ ಕೋಚ್ ಅದಕ್ಕೆ ಗುದ್ದಿದರು. ಪ್ರಪಂಚವೇ ನೋಡಿತು. 2024ರ ಪ್ಯಾರಿಸ್ ಆದ ಮೇಲೆ ಆ ಆಟದಿಂದ ಕುದುರೆಯನ್ನೇ ತೆಗೆದುಹಾಕಿದರು. ಇದು ನಿಮ್ಮ ಪದಕದ ದಾರಿ.

ಟಾಂಗಾ_ಮೊಮ್ಮಗ:
ಪೆಂಟಾಥ್ಲಾನ್‌ನಲ್ಲಿ ಚೀಟಿ ಎತ್ತಿ ಸಿಕ್ಕ ಕುದುರೆ ಹತ್ತುತ್ತಿದ್ದರು. ಅದನ್ನು ಯಾರೂ ಸವಾರಿ ಅನ್ನುವುದಿಲ್ಲ. ಕೇಳಿದ್ದು ಗಜ್ಜರಿಗೆ ಪದಕ ಎಲ್ಲಿ ಅಂತ.

ಕ್ಲಿಕ್_ಕಲಬುರಗಿ:
ಅಕ್ಕ ಪದಕ ಕೇಳಿಲ್ಲ, ಕಾಲು ಕೇಳಿದ್ದಾರೆ. ಫ್ರಾನ್ಸಿನವರು 2010ರಲ್ಲಿ ತೋರಿಸಿದ್ದಾರೆ. ತಿನಿಸು ಕೊಟ್ಟು ನಿಲ್ಲುವುದನ್ನು ಕಲಿಸಿದ ಕುದುರೆಗಳು ತಿಂಗಳುಗಟ್ಟಲೆ ಆದ ಮೇಲೂ ಪಾಠ ಮರೆತಿರಲಿಲ್ಲ. ಮನುಷ್ಯರ ಹತ್ತಿರ ತಾವಾಗಿಯೇ ಬರುತ್ತಿದ್ದವು.

ಸುಮ್ನೆ_ನೋಡುವವಳು:
ತಿನಿಸೇ ಯಾಕೆ? ಕುತ್ತಿಗೆ ಬುಡ ಕೆರೆದರೆ ಎದೆಬಡಿತ ಇಳಿಯುತ್ತದೆ ಅಂತ 1993ರಲ್ಲೇ ಫ್ರಾನ್ಸಿನಲ್ಲೇ ಕಂಡುಹಿಡಿದಿದ್ದಾರೆ. ಅದು ಪುಕ್ಕಟೆ.

ಕ್ಲಿಕ್_ಕಲಬುರಗಿ:
ಕೆರೆದರೆ ಖುಷಿ ಆಗುತ್ತದೆ, ಪಾಠ ಆಗೋದು ಕಡಿಮೆ. ಅದನ್ನೂ ಹೋಲಿಸಿ ನೋಡಿದ್ದಾರೆ. ತಿನಿಸೇ ಗೆದ್ದಿತು.

ಹುಮನಾಬಾದ್_ಹೊಲ:
ಡಾಕ್ಟರ್ ಕೇಳಿದ್ದಕ್ಕೆ ಉತ್ತರ. ಮುಂದಿನ ಕಾಲು ಕೊಡುತ್ತಾಳೆ, ಒಂದಿಷ್ಟು ರಗಳೆ ಅಷ್ಟೇ. ಮೇವು ಹಸಿ ಜೋಳದ ದಂಟು, ಎತ್ತುಗಳಿಗೆ ಹಾಕೋದನ್ನೇ. ತಂದಾಗಿನಿಂದ ಅದೇ.

ಮದುವೆ_ಬ್ಯಾಂಡ್_ಶಹಾಪುರ:
ಪ್ಯಾರಿಸ್, ಟೋಕಿಯೋ, ಫ್ರಾನ್ಸ್. ಮಾತಾಡುತ್ತಿರುವುದು ಹುಮನಾಬಾದಿನಲ್ಲಿ.

ಪಶುವೈದ್ಯ_ಬೀದರ್:
ಎಲ್ಲರೂ ಒಂದು ನಿಮಿಷ. ಅಕ್ಕಾ, ಹಸಿ ಜೋಳ ಇವತ್ತೇ ನಿಲ್ಲಿಸಿ. ಎತ್ತಿನ ಹೊಟ್ಟೆಯೇ ಬೇರೆ, ಕುದುರೆಯದೇ ಬೇರೆ. ಹಸಿ ಜೋಳವನ್ನು ವಾರಗಟ್ಟಲೆ ತಿಂದ ಕುದುರೆಗಳಲ್ಲಿ ಬೆನ್ನುಹುರಿಯ ನರ ಕೆಡಬಹುದು. ಹಿಂಗಾಲಿನ ಹಿಡಿತ ತಪ್ಪುತ್ತದೆ, ಮೂತ್ರ ಹನಿಹನಿಯಾಗಿ ಸೋರುತ್ತದೆ. ತಿರುಗುವಾಗ ಹಿಂಭಾಗ ತೂಗಾಡುತ್ತದಾ? ಬಾಲದ ಕೆಳಗೆ, ತೊಡೆಯ ಒಳಗೆ ಒದ್ದೆ ಇದೆಯಾ ನೋಡಿ. ನೋಡುವಾಗ ನೇರ ಹಿಂದಿನಿಂದ ಹೋಗಬೇಡಿ, ಅಲ್ಲಿ ಅವಳಿಗೆ ಕಣ್ಣು ಕಾಣುವುದಿಲ್ಲ. ಮಾತಾಡುತ್ತಾ ಭುಜದ ಕಡೆಯಿಂದ ಬನ್ನಿ. ಇದೇ ಕಾಯಿಲೆ ಅಂತ ಇಲ್ಲಿಂದ ಹೇಳಲಾರೆ. ಆದರೆ ಇದ್ದರೆ ತಡ ಮಾಡುವ ವಿಷಯ ಅಲ್ಲ. ಹೋದ ನರ ಪೂರ್ತಿ ವಾಪಸ್ ಬರುವುದು ಕಷ್ಟ. ಒಣ ಹುಲ್ಲು ಕೊಡಿ. ನಾಲಬಂದ್‌ನನ್ನು ಸದ್ಯ ಕರೆಯಬೇಡಿ.

ಹುಮನಾಬಾದ್_ಹೊಲ:
ಈಗಷ್ಟೇ ನೋಡಿ ಬಂದೆ. ಬಾಲದ ಕೆಳಗೆ ಒದ್ದೆ ಇದೆ. ತಿರುಗಿಸಿದರೆ ಸ್ವಲ್ಪ ತೂಗುತ್ತಾಳೆ. ಹೊಸ ಜಾಗ, ಹಾಗೇ ನಡೆಯುತ್ತಾಳೆ ಅಂತ ಬಿಟ್ಟಿದ್ದೆವು. ನಾಳೆ ಬೆಳಿಗ್ಗೆ ನಂದಿನಗರಕ್ಕೆ ಗಾಡಿ ಹೇಳಿದ್ದೇನೆ.

ಕ್ಲಿಕ್_ಕಲಬುರಗಿ:
ನೋಡಿದಿರಾ ಟಾಂಗಾ ಅವರೇ? ನಿಲ್ಲಲು ಆಗದ ಕುದುರೆಗೆ ಹಗ್ಗ ತಿರುವಿ ಮೂರು ಕಾಲಿನ ಮೇಲೆ ನಿಲ್ಲಿಸುತ್ತಿದ್ದಿರಿ. ಯಜಮಾನ ಯಾರು ಅಂತ ತೋರಿಸಲು!

ಟಾಂಗಾ_ಮೊಮ್ಮಗ:
ನೀವೇನು ಮಾಡುತ್ತಿದ್ದಿರಿ? ಅದೇ ಸೋತ ಕಾಲಿಗೆ ಕೋಲು ಮುಟ್ಟಿಸಿ ಗಜ್ಜರಿ ಕೊಡುತ್ತಿದ್ದಿರಿ. ಎತ್ತು ಅಂತ. ಮೇವು ಕೇಳಿದ್ದು ಡಾಕ್ಟರು, ನೀವಲ್ಲ.

ಕ್ಲಿಕ್_ಕಲಬುರಗಿ:
ನನ್ನ ದಾರಿಯಲ್ಲಿ ಅವಳಿಗೆ ಬೇಡ ಅನ್ನುವ ಅವಕಾಶ ಇರುತ್ತಿತ್ತು. ನಿಮ್ಮ ಹಗ್ಗದಲ್ಲಿ ಎಲ್ಲಿದೆ?

ಆಳಂದ_ಓದುಗ:
ಗಮನಿಸಿ: ನಿಕಿತಿನ್ ಹೇಳಿದ್ದು ಕಡಲೆ ಮತ್ತು ಕಿಚಡಿ. ಹಸಿ ಜೋಳ ಅಂದಿಲ್ಲ. ನಮ್ಮ ಹಿರಿಯರಿಗೆ ಗೊತ್ತಿತ್ತು.

ಮದುವೆ_ಬ್ಯಾಂಡ್_ಶಹಾಪುರ:
ಆರು ಲಕ್ಷ ಲೀಟರ್‌ಗೆ ಇನ್ನೂ ಉತ್ತರ ಬಂದಿಲ್ಲ.