ಕ್ಯಾಂಟನೀಸ್‌ನಲ್ಲಿ ‘ಆಸೆ ನೋಡು ಇವನ್ದು!’

ಪ್ರಶ್ನೆ: ಕೆಲಸದ ಮೇಲೆ ಹಾಂಗ್‌ಕಾಂಗ್‌ಗೆ ಬಂದಿದ್ದೇನೆ. ಊಟದ ಹೊತ್ತಲ್ಲಿ ‘ಈ ಸಲ ಬೋನಸ್ ಡಬಲ್ ಬರುತ್ತಾ?’ ಅಂದೆ. ಪಕ್ಕದವನು ಇಲ್ಲಿನ ಕ್ಯಾಂಟನೀಸ್ ಭಾಷೆಯಲ್ಲಿ ‘ಫಾತ್ ಮುಂಗ್ ಲಾ ಲೇಯ್’ ಅಂದ, ಎಲ್ಲರೂ ನಕ್ಕರು. ಬೈದನಾ? ಇಂಥವು ಇನ್ನೇನಿವೆ, ನಾನೂ ಹೇಳಬಹುದಾ? ಇಲ್ಲಿ ಪಳಗಿದವರು ತಿಳಿಸಿ.

ಶಾಮ್ ಶುಯ್ ಪೋ (ಹಾಂಗ್‌ಕಾಂಗ್‌ನ ಒಂದು ಭಾಗ) ಕಡೆಯವರು: ಬೈಗುಳ ಅಲ್ಲ ಬಿಡಿ. ಹಗಲುಗನಸು ಕಾಣ್ತಿದೀಯ ಅಂದಿದ್ದು. ‘ಲೇಯ್’ ಕೇಳಿ ರೇಗಬೇಡಿ, ಅದು ನಮ್ಮ ‘ಲೇ’ ಅಲ್ಲ! ‘ನೇಯ್’ ಅಂದರೆ ನೀನು. ಇಲ್ಲಿ ಬಹಳ ಜನರ ಬಾಯಲ್ಲಿ ನಕಾರ ಹೋಗಿ ಲಕಾರ ಆಗಿದೆ. ‘ನೇಯ್ ಜೌ ಸೋಂಗ್’ ಅಂದರೆ ‘ಆಸೆ ನೋಡು ಇವನ್ದು’. ‘ಹಾ ಸೈ ಲಾ’ ಅಂದರೆ ಮುಂದಿನ ಜನ್ಮಕ್ಕೆ. ಮೂರೂ ಓರಗೆಯವರಲ್ಲಿ ನಡೆಯುತ್ತೆ. ಬಾಸ್ ಹತ್ತಿರ ಬೇಡ.

ಮಂಗಳೂರಿನವಳು, ಈಗ ಹಾಂಗ್‌ಕಾಂಗ್‌ನ ಕೌಲೂನ್: ನನಗೆ ಇಷ್ಟ ಕಪ್ಪೆಯದ್ದು ಮಾರಾಯ್ರೆ. ‘ಬಿನ್ ಯೌ ಗಮ್ ದಾಯ್ ಜೆಕ್ ಗಪ್ ನಾ ಚೋಯ್ ಗಾಯ್ ತಿಯು’. ಅಷ್ಟು ದೊಡ್ಡ ಕಪ್ಪೆ ಬೀದಿಯಲ್ಲಿ ಕುಪ್ಪಳಿಸಿಕೊಂಡು ಹೋಗುವುದುಂಟಾ? ಇಲ್ಲಿಯವರು ಕಪ್ಪೆ ತಿನ್ನುತ್ತಾರೆ, ಮಣ್ಣಿನ ಮಡಕೆಯ ಅನ್ನಕ್ಕೂ ಹಾಕುತ್ತಾರೆ. ಅಂಥ ಕೊಬ್ಬಿದ ಕಪ್ಪೆ ಬೀದಿಗೆ ಬಂದರೆ ಯಾರಾದರೂ ಹಿಡಿಯದೆ ಬಿಡುತ್ತಾರಾ? ಅಷ್ಟು ಒಳ್ಳೆಯದು ಸುಮ್ಮನೆ ಸಿಗುವುದಿಲ್ಲ ಅಂತ ಅರ್ಥ. ಎಂಟಿಆರ್ ಪಕ್ಕ (ಇಲ್ಲಿ ಅದು ಮೆಟ್ರೋ, ಮಸಾಲೆದೋಸೆ ಅಲ್ಲ) ದೊಡ್ಡ ಮನೆ, ಚಿಕ್ಕ ಬಾಡಿಗೆ ಅಂತ ಜಾಹೀರಾತು ನೋಡಿ ನಾನು ಕುಣಿಯುವಾಗ ಪಕ್ಕದ ಮನೆ ಆಂಟಿ ಇದನ್ನೇ ಹೇಳಿದ್ದು. ಮುಂಗಡ ಕೇಳುವ ಮೋಸದ ಮೆಸೇಜಿಗೂ ಇದೇ ಮಾತು.

ಗುವಾಂಗ್‌ಝೌ (ಚೀನಾದ ಊರು, ಅಲ್ಲೂ ಕ್ಯಾಂಟನೀಸ್ ಮಾತು) ಬಟ್ಟೆ ವ್ಯಾಪಾರಿ: ಅಂಗಡಿಯಲ್ಲಿ ‘ಮೋ ದಕ್ ಕಿಂಗ್’ ಕಿವಿಗೆ ಬಿದ್ದರೆ ಚೌಕಾಸಿ ಮುಗೀತು, ಇನ್ನು ಮಾತೇ ಇಲ್ಲ ಅಂತ. ಆದರೂ ನಾಲ್ಕು ಹೆಜ್ಜೆ ಹೊರಟು ನೋಡಿ, ಒಮ್ಮೊಮ್ಮೆ ಹಿಂದಿನಿಂದ ಕರೀತಾರೆ.

ಶಾಮ್ ಶುಯ್ ಪೋ ಕಡೆಯವರು: ‘ಸೌ ಪೇಯ್ ಲಾ’ ಮಾತ್ರ ಕಲಿತರೂ ಬಾಯಲ್ಲೇ ಇಟ್ಟುಕೊಳ್ಳಿ. ‘ಮುಚ್ಕೊಂಡು ಹೋಗಯ್ಯ’ ಧಾಟಿಯದು. ಆಪ್ತ ಗೆಳೆಯರು ತಮ್ಮತಮ್ಮಲ್ಲೇ ಅಂದುಕೊಂಡು ನಗ್ತಾರೆ, ಹೊರಗಿನವರು ಅಂದರೆ ಜಗಳ.

ಮಂಗಳೂರಿನವಳು: ಅಷ್ಟೆಲ್ಲ ಹೆದರಿಸ್ಬೇಡಿ ಅವರನ್ನು. ಹೊಸಬರು ತಪ್ಪು ಉಚ್ಚಾರದಲ್ಲಿ ಅಂದರೆ ಇಲ್ಲಿಯವರು ನಗುವುದೇ ಜಾಸ್ತಿ.

ಪ್ರಶ್ನೆ ಕೇಳಿದವರು: ಆ ಪಕ್ಕದವನೇ ದಿನಾ ‘ನನ್ನ ಬಿಲ್ಲೂ ನೀನೇ ಕೊಡು’ ಅಂತಾನೆ. ಅವನಿಗೆ ಯಾವುದು?

ಶಾಮ್ ಶುಯ್ ಪೋ ಕಡೆಯವರು: ಅವನಿಗೆ ‘ನೇಯ್ ಜೌ ಸೋಂಗ್’. ‘ಸೋಂಗ್’ ಮಾತ್ರ ಪ್ರಶ್ನೆ ಕೇಳುವ ಹಾಗೆ ದನಿ ಮೇಲೇರಿಸಿ ಅನ್ನಿ.