ಸಹಾಯ ಬೇಕು: ಹಳೆಯ ಐರಿಶ್ ಪುಸ್ತಕಕ್ಕೆ ಯಾವ ನಿಘಂಟು?

ಗಾಲ್ವೇಯ ಹಳೆಯ ಪುಸ್ತಕದಂಗಡಿಯಿಂದ 1930ರ ದಶಕದ ಐರಿಶ್ ಕಥಾಸಂಕಲನವೊಂದನ್ನು ಆಸೆಪಟ್ಟು ತಂದು ಪೇಚಿಗೆ ಸಿಲುಕಿದ್ದೇನೆ. ಪೂರ್ತಿ ಹಳೆಯ ಗೇಲಿಕ್ ಲಿಪಿ. ವ್ಯಂಜನದ ನೆತ್ತಿಯ ಮೇಲಿನ ಚುಕ್ಕೆ ಎಂದರೆ ಈಗಿನ ‘ಎಚ್’ ಎಂದು ತಿಳಿಯಲು ಎರಡು ದಿನ ಬೇಕಾಯಿತು. (ನಮ್ಮ ಒತ್ತಕ್ಷರವೇ ವಾಸಿ!) ಆದರೂ ನನ್ನ ಬಳಿಯಿರುವ 1977ರ ನಿಘಂಟಿನಲ್ಲಿ ಎಷ್ಟೋ ಪದಗಳು ಸಿಗುತ್ತಿಲ್ಲ. ‘ರಾತ್ರಿ’ ಎಂಬುದಕ್ಕೆ ಈಗ ಐದೇ ಅಕ್ಷರ. ಇಲ್ಲಿ ಚುಕ್ಕೆ ಬಿಡಿಸಿ ಬರೆದರೆ ಏಳು! 1940ರ ದಶಕದಲ್ಲಿ ಕಾಗುಣಿತವನ್ನು ಸರಳಗೊಳಿಸಿದ್ದರ ಫಲವಿದು. ಡಿನೀನ್ ಅವರ 1927ರ ನಿಘಂಟಿನಲ್ಲಿ ಹಳೆಯ ಕಾಗುಣಿತವೇ ಇದೆ. ಆದರೆ ಅದೂ ಅದೇ ಲಿಪಿ, ಸಾವಿರಕ್ಕೂ ಹೆಚ್ಚು ಪುಟ.

ಐರಿಶ್ ಕಲಿತವರು ಯಾರಾದರೂ ಹೇಳಿ: ಹೊಸಬನಾದ ನಾನು ಡಿನೀನ್ ನಿಘಂಟನ್ನೇ ಕೊಳ್ಳಬೇಕೇ, ಅಥವಾ ಹಳೆಯ ಕಾಗುಣಿತವನ್ನು ಹೊಸದಕ್ಕೆ ತಿರುಗಿಸಿಕೊಳ್ಳುವ ಸುಲಭದ ದಾರಿ ಇದೆಯೇ?