ವಾರ ತುಂಬೋದ್ರೊಳಗೆ ಕರುವಿಗೆ ಬಿಳಿ ಭೇದಿ, ಒಂದು ಹೋಯ್ತು, ಇದನ್ನಾದರೂ ಉಳಿಸಬೇಕು

ಪ್ರಶ್ನೆ (ಚನ್ನರಾಯಪಟ್ಟಣ ಕಡೆಯ ರೈತ)
ನಮಸ್ಕಾರ. ನಾಲ್ಕು ಎಚ್‌ಎಫ್ ಮಿಶ್ರತಳಿ ಹಸು ಕಟ್ಟಿದ್ದೀವಿ, ಡೈರಿಗೆ ಹಾಲು ಹಾಕ್ತೀವಿ. ಹೋದ ತಿಂಗಳು ಒಳ್ಳೇ ಹೆಣ್ಣುಗರು ಭೇದಿ ಹಿಡಿದು ಸತ್ತುಹೋಯ್ತು. ಈಗ ಇನ್ನೊಂದಕ್ಕೂ ಬೆಳಿಗ್ಗೆಯಿಂದ ನೀರು ಭೇದಿ, ಬಾಲವೆಲ್ಲ ಮೆತ್ತಿಕೊಂಡಿದೆ. ಎದ್ದು ನಿಲ್ಲುತ್ತೆ, ಬೆರಳು ಕೊಟ್ರೆ ಚೀಪುತ್ತೆ. ಪಕ್ಕದವರು ಹಾಲು ನಿಲ್ಲಿಸಿ ಅಂತಾರೆ. ನಿಲ್ಲಿಸಲಾ?

ಉತ್ತರ (ಪಶುವೈದ್ಯ)
ಬೇಡಿ, ಹಾಲು ನಿಲ್ಲಿಸಬೇಡಿ. ಕರು ಸಾಯೋದು ಹೆಚ್ಚಾಗಿ ಮೈಯಲ್ಲಿನ ನೀರು, ಉಪ್ಪು ಹೋಗಿ. ಮೆಡಿಕಲ್ ಶಾಪಿನ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ಉಗುರುಬೆಚ್ಚಗಿನ ನೀರಿಗೆ ಹಾಕಿ, ಹಾಲಿಗೆ ಬೆರೆಸದೆ, ಹಾಲು ಕೊಟ್ಟು ಎರಡು ಗಂಟೆ ಬಿಟ್ಟು ಕುಡಿಸಿ. ದಿನಕ್ಕೆ 2ರಿಂದ 4 ಲೀಟರ್ ಬೇಕಾಗುತ್ತೆ. ಕತ್ತಿನ ಚರ್ಮ ಚಿವುಟಿ ಬಿಡಿ: ತಟ್ಟನೆ ಹಿಂದಕ್ಕೆ ಹೋಗದಿದ್ರೆ, ಕಣ್ಣು ಗುಳಿಬಿದ್ದಿದ್ರೆ, ಕಿವಿ ತಣ್ಣಗಾಗಿದ್ರೆ ತಡ ಮಾಡದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಡ್ರಿಪ್ ಹಾಕಿಸಬೇಕು. ಚೀಪದ ಕರುವಿಗೆ ಗೊಟ್ಟದಲ್ಲಿ (ಬಾಯಿಗೆ ಔಷಧಿ ಹುಯ್ಯೋ ಬಿದಿರಿನ ಕೊಳವೆ) ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ.
ಗಿಣ್ಣು ಹಾಲು ಎಷ್ಟು ಹೊತ್ತಿಗೆ ಕುಡಿಸಿದ್ರಿ?

ರೈತ
ರಾತ್ರಿ ಹುಟ್ಟಿತ್ತು ಸರ್. ಕಸ (ಮಾಸು) ಬೀಳೋವರೆಗೆ ಕೆಚ್ಚಲಿಗೆ ಬಿಡಬಾರದು ಅಂತಾರಲ್ಲ, ಬೆಳಿಗ್ಗೆ ಕುಡಿಸಿದ್ವಿ.

ಪಶುವೈದ್ಯ
ಎರಡು ಕರುವಿಗೂ ಹೀಗೇ ಮಾಡಿದ್ರೆ ಮೂಲ ಬಹುಶಃ ಅಲ್ಲೇ ಇದೆ. ಹಸುವಿನ ಹೊಟ್ಟೆಯಲ್ಲಿರುವಾಗ ಕರುವಿಗೆ ರೋಗನಿರೋಧಕ ಶಕ್ತಿ ದಾಟಿ ಬರೋದಿಲ್ಲ, ಅದು ಸಿಗೋದು ಗಿಣ್ಣಿನಿಂದಲೇ. ಅದನ್ನು ಹೀರಿಕೊಳ್ಳೋ ಕರುಳಿನ ಶಕ್ತಿ ಗಂಟೆಗಂಟೆಗೂ ಕುಗ್ಗಿ, 24 ಗಂಟೆಗೆ ಹೆಚ್ಚುಕಡಿಮೆ ಮುಗಿದೇಹೋಗುತ್ತೆ. ಮೊದಲ ಗುಟುಕು ಒಂದೆರಡು ಗಂಟೆಯೊಳಗೆ ಹೋಗಲೇಬೇಕು. 30 ಕಿಲೋ ಕರುವಿಗೆ ಮೊದಲ ದಿನ 3 ಲೀಟರಿಗೆ ಕಡಿಮೆಯಾಗಬಾರದು. ಕರು ಚೀಪಿದ್ರೆ ಹಸುವಿನ ಗರ್ಭಕೋಶ ಸಂಕುಚಿತಗೊಳ್ಳುತ್ತೆ, ಕಸ ಬೀಳೋಕೂ ಅದು ಅನುಕೂಲವೇ. ಮನೆಯ ಹಿರಿಯರಿಗೆ ಇದನ್ನೇ ಬಿಡಿಸಿ ಹೇಳಿ.

ಉತ್ತರ (ಕೋಲಾರದ ಹೈನುಗಾರ್ತಿ)
ಅಣ್ಣ, ಸತ್ತ ಕರು ಕಟ್ಟಿದ್ದ ಜಾಗದಲ್ಲಿ ಇದನ್ನ ಕಟ್ಟಬೇಡಿ. ಒಣ ಹುಲ್ಲು ಹಾಸಿ, ಬೇರೆ ಮೂಲೆಗೆ ಹಾಕಿ. ಹುಟ್ಟಿದ ಕೂಡಲೇ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿದ್ರಾ? ಜಂತುಹುಳದ ಔಷಧಿ ಎರಡನೇ ವಾರಕ್ಕೆ, ಡಾಕ್ಟ್ರನ್ನ ಕೇಳಿ ಕೊಡಿ.

ರೈತ
ಅಯೋಡಿನ್ ಹಚ್ಚಿರಲಿಲ್ಲ ಅಕ್ಕ, ಇವತ್ತೇ ತರ್ತೀನಿ. ಓಆರ್‌ಎಸ್ ಚೆನ್ನಾಗಿ ಕುಡೀತಿದೆ. ಮುಂದಿನ ಹಸು ಕರು ಹಾಕಿದಾಗ ಮಿಕ್ಕ ಗಿಣ್ಣು ಇಟ್ಕೋಬಹುದಾ?

ಪಶುವೈದ್ಯ
ಆರೋಗ್ಯವಾಗಿರೋ ಹಸುವಿನದಾದ್ರೆ ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇಡಬಹುದು. ಕೊಡುವಾಗ ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸಿ, ಒಲೆ ಮೇಲೆ ಕಾಯಿಸಬೇಡಿ, ಒಡೆದುಹೋಗುತ್ತೆ. ನಾಳೆ ಬೆಳಿಗ್ಗೆ ಸಗಣಿ ಹೇಗಿದೆ, ಜ್ವರ ಎಷ್ಟಿದೆ ಅಂತ ಇಲ್ಲೇ ಬರೀರಿ.